‘ನೀನು ಯಾರು?’ ಎಂಬುದಕ್ಕೆ ಸ್ಯಾಕ್ಸೊಫೋನಿನ ಉತ್ತರ

ನವ್ಯ ಸಾಹಿತ್ಯವನ್ನೋದಿ ಬೆಳೆದ ನಮಗೆ ಅಸ್ತಿತ್ವವಾದವೆಂದೊಡನೆ ನೆನಪಾಗುವವನು ಸಾರ್ತ್ರ್. 1938ರಲ್ಲಿ ಹೊರಬಂದ ಅವನ ‘ಲಾ ನೋಜೆ’ ಕಾದಂಬರಿಯ ನಾಯಕ, ಬದುಕಿನ ಅರ್ಥಹೀನತೆಯಿಂದ ಬಳಲುತ್ತ, ಕೊಂಚ ನೆಮ್ಮದಿ ಕಾಣುವುದು ಒಂದು ಜಾಝ್ ಹಾಡಿನ ಗ್ರಾಮಫೋನ್ ತಟ್ಟೆಯಲ್ಲಿ. ಮನುಷ್ಯನಿಗೆ ಮೊದಲೇ ಬರೆದಿಟ್ಟ ಸ್ವರೂಪವಿಲ್ಲ, ತನ್ನ ಆಯ್ಕೆಗಳಿಂದ ತಾನೇ ಅದನ್ನು ರೂಪಿಸಿಕೊಳ್ಳಬೇಕೆಂಬುದು ಸಾರ್ತ್ರನ ವಾದ.

ವಲಸಿಗರ ಮಕ್ಕಳಿಗೆ ಇದು ಬರಿಯ ತತ್ತ್ವವಲ್ಲ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ, ಕೊಲರಾಡೊದ ಬೋಲ್ಡರಿನಲ್ಲಿ ಬೆಳೆದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪನವರು ‘ನೀವು ಇಂಡಿಯನ್ ಮಾತಾಡುತ್ತೀರಾ?’ ಎಂಬ ಪ್ರಶ್ನೆಗೆ (ರೆಡ್‌ವುಡ್ ಸಿಟಿಯ ನಮ್ಮ ಮಕ್ಕಳಿಗೂ ಇದು ಹೊಸತಲ್ಲ!) ಭಾರತೀಯ ಮೂಲದವರಿಂದ ಅವರವರ ತಾಯ್ನುಡಿಯಲ್ಲಿಯೇ ಉತ್ತರ ಪಡೆದು ಧ್ವನಿಮುದ್ರಿಸಿಕೊಂಡರು. ಆ ಮಾತಿನ ಏರಿಳಿತಗಳನ್ನು ಸ್ವರಗಳಾಗಿ ಬರೆದು, ಅವುಗಳ ಮೇಲೆ ಜಾಝ್ ರಚನೆಗಳನ್ನು ಕಟ್ಟಿದರು. 2004ರಲ್ಲಿ ಬಂದ ಆ ‘ಮದರ್ ಟಂಗ್’ ಸಂಕಲನದ ಒಂದು ರಚನೆಯ ಹೆಸರೇ ‘ಕನ್ನಡ’. ಅವರು ಸಾರ್ತ್ರನ ಅನುಯಾಯಿಯೆಂದು ನಾವು ಹೇಳಹೊರಟಿಲ್ಲ. ಆದರೆ ಅನ್ಯರು ಅಂಟಿಸಿದ ಗುರುತನ್ನು ಒಪ್ಪಬೇಕೆ, ತನ್ನದನ್ನು ತಾನೇ ಕಟ್ಟಿಕೊಳ್ಳಬೇಕೆ ಎಂಬ ಪ್ರಶ್ನೆ ಇಬ್ಬರಿಗೂ ಒಂದೇ.

2008ರ ‘ಕಿನ್ಸ್‌ಮೆನ್’ನಲ್ಲಿ ಅವರ ಜೊತೆ ನುಡಿಸಿದವರು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಈ ವಿದ್ವಾಂಸರು 2019ರಲ್ಲಿ ನಮ್ಮನ್ನಗಲಿದರು. ಬೋಲ್ಡರಿನ ಹುಡುಗ ಕನ್ನಡದ ಕಡೆಗೆ ಬಂದ ದಾರಿಯನ್ನೇ ಅವರು ಎದುರು ದಿಕ್ಕಿನಿಂದ ನಡೆದಿದ್ದರು. ಈ ಎರಡು ಸಂಕಲನಗಳನ್ನೂ ಮಕ್ಕಳೊಡನೆ ಕುಳಿತು ಕೇಳಬೇಕೆಂದು ನಮ್ಮ ಕೋರಿಕೆ.