ಪುಪುಸಾ ಎಂಬ ರೊಟ್ಟಿಯ ಪೂರ್ವೋತ್ತರ

ಮಧ್ಯ ಅಮೆರಿಕೆಯಲ್ಲಿ ಶಾಂತಸಾಗರದ ಕರೆಗೆ ಒತ್ತಿಕೊಂಡು ಎಲ್ ಸಾಲ್ವಡಾರ್ ಎಂಬ ಕಿರಿಯ ದೇಶವೊಂದಿದೆ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಒಂಬತ್ತರಲ್ಲೊಂದು ಪಾಲನ್ನು ಮೀರದು. ಆ ದೇಶದ ಶಾಸನಸಭೆಯು ೨೦೦೫ರಲ್ಲಿ ಪುಪುಸಾ ಎಂಬ ತಿನಿಸನ್ನು ರಾಷ್ಟ್ರೀಯ ಭಕ್ಷ್ಯವೆಂದು ಸಾರಿ, ನವೆಂಬರ್ ತಿಂಗಳ ಎರಡನೆಯ ಭಾನುವಾರವನ್ನು ಅದರ ದಿನವನ್ನಾಗಿ ಗೊತ್ತುಮಾಡಿತು. ಒಂದು ರೊಟ್ಟಿಗೆ ಶಾಸನಸಭೆಯ ಮನ್ನಣೆಯೇ ಎಂದು ವಾಚಕರು ನಗಬಹುದು. ಅದರ ಪೂರ್ವೋತ್ತರವನ್ನು ತಿಳಿದ ಮೇಲೆ ಆ ನಗೆ ಅಷ್ಟು ಸುಲಭವಾಗಿ ಬಾರದು.

ಮೊದಲು ಅದನ್ನು ಮಾಡುವ ಬಗೆ. ಮುಸುಕಿನ ಜೋಳದ ಕಾಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ, ಅದರಲ್ಲಿಯೇ ರಾತ್ರಿಯೆಲ್ಲ ನೆನೆಯಬಿಟ್ಟು, ಬೆಳಗ್ಗೆ ಚೆನ್ನಾಗಿ ತೊಳೆದು ಸಿಪ್ಪೆಯನ್ನು ಉಜ್ಜಿ ತೆಗೆಯುವರು. ಹಿಂದೆ ಇದನ್ನು ಮೆಟಾಟೆ ಎಂಬ ಇಳಿಜಾರು ಕಲ್ಲಿನ ಮೇಲೆ, ಮೊಣಕಾಲೂರಿ ಕುಳಿತು ಹೆಂಗಸರು ಅರೆಯುತ್ತಿದ್ದರು. ಈಗ ಗಿರಣಿಯ ಹಿಟ್ಟು ಅಂಗಡಿಯಲ್ಲಿಯೇ ದೊರೆಯುವುದು. ಮೆತ್ತಗಿನ ಹಿಟ್ಟಿನ ಉಂಡೆಯನ್ನು ಬಟ್ಟಲಿನಂತೆ ಗುಳಿ ಮಾಡಿ, ಒಳಗೆ ಅರೆದ ಹುರುಳಿಕಾಯಿಯ ಬೀಜದ ಪಲ್ಯವನ್ನೋ ಗಿಣ್ಣನ್ನೋ ನುಣ್ಣಗೆ ಅರೆದ ಹಂದಿಯ ಮಾಂಸವನ್ನೋ ಇಟ್ಟು ಬಾಯಿ ಮುಚ್ಚುವರು. ಲೊರೊಕೊ ಎಂಬ ಬಳ್ಳಿಯ ಹಸುರು ಮೊಗ್ಗುಗಳನ್ನು ಗಿಣ್ಣಿನೊಡನೆ ಸೇರಿಸುವುದು ಆ ನಾಡಿನ ವಿಶೇಷ. ನಮ್ಮ ಹೋಳಿಗೆಯ ಕ್ರಮವೇ ಇದು, ಆದರೆ ಲಟ್ಟಣಿಗೆಯಿಲ್ಲ. ಒದ್ದೆ ಅಂಗೈಗಳ ನಡುವೆ ತಿರುಗಿಸುತ್ತ ತಟ್ಟುವುದೇ ಕೌಶಲ. ಹೂರಣವು ಹೊರಗೆ ಬಾರದಂತೆ ಅಂಚು ತಟ್ಟುವುದು ಒಂದು ದಿನದಲ್ಲಿ ಕಲಿಯುವ ವಿದ್ಯೆಯಲ್ಲ. ಕಾವಲಿಯ ಮೇಲೆ ಎರಡು ಮಗ್ಗುಲೂ ಬೇಯಿಸಿ, ಕುರ್ತಿದೋ ಎಂಬ ವ್ಯಂಜನದೊಡನೆ ಕೈಯಿಂದಲೇ ತಿನ್ನುವರು. ಹೆಚ್ಚಿದ ಕೋಸು, ಗಜ್ಜರಿ, ಈರುಳ್ಳಿಗಳನ್ನು ಉಪ್ಪು, ಹುಳಿ ದ್ರಾವಕ, ಒರೆಗಾನೊ ಎಂಬ ಸುಗಂಧದ ಸೊಪ್ಪುಗಳೊಡನೆ ಬೆರೆಸಿ ಒಂದೆರಡು ದಿನ ಇಟ್ಟರೆ ಕುರ್ತಿದೋ ಆಯಿತು. ನಮ್ಮ ಕೋಸಂಬರಿಗೂ ಉಪ್ಪಿನಕಾಯಿಗೂ ನಡುವಣ ಪದಾರ್ಥ. ಒಲೊಕ್ವಿಲ್ಟಾ ಎಂಬ ಊರಿನಲ್ಲಿ ಜೋಳದ ಬದಲು ಅಕ್ಕಿಯ ಹಿಟ್ಟಿನಿಂದ ಮಾಡುವರು. ನಮ್ಮ ಮಲೆನಾಡಿನವರಿಗೆ ಅದು ಹೊಸದೆಂದು ತೋರಲಾರದು.

ಈ ಕ್ರಮದಲ್ಲಿ ಸುಣ್ಣವು ಅಲ್ಪವಸ್ತುವಲ್ಲ. ಜೋಳದಲ್ಲಿರುವ ಒಂದು ಜೀವಸತ್ತ್ವವು ದೇಹಕ್ಕೆ ಹತ್ತದ ಹಾಗೆ ಕಾಳಿನಲ್ಲಿ ಬಂಧಿತವಾಗಿರುವುದು. ಸುಣ್ಣದ ನೀರು ಅದನ್ನು ಬಿಡಿಸುವುದು. ಸ್ಪಾನಿಷರು ಕಾಳನ್ನು ಯೂರೋಪಿಗೆ ಒಯ್ದರು. ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಫಲವಾಗಿ ಜೋಳವನ್ನೇ ನಂಬಿ ಬದುಕಿದ ಬಡವರಲ್ಲಿ ಚರ್ಮ ಸುಲಿಯುವ, ಬುದ್ಧಿಯನ್ನು ಕೆಡಿಸುವ ಘೋರವ್ಯಾಧಿಯೊಂದು ಕಾಣಿಸಿಕೊಂಡಿತು. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲನು ೧೭೩೫ರಲ್ಲಿ ಅದನ್ನು ವಿವರಿಸಿದನು. ೧೭೭೧ರಲ್ಲಿ ಇಟಲಿಯ ಫ್ರಪೊಲ್ಲಿಯು ಅದಕ್ಕೆ ಪೆಲಾಗ್ರ ಎಂಬ ಹೆಸರನ್ನು ಬಳಕೆಗೆ ತಂದನು. ಅಮೆರಿಕೆಯ ಜೋಸೆಫ್ ಗೋಲ್ಡ್‌ಬರ್ಗರನು ಅದು ಅಂಟುರೋಗವಲ್ಲ, ಆಹಾರದ ಕೊರತೆಯೆಂದು ತೋರಿಸಿದನು. ೧೯೩೭ರಲ್ಲಿ ಎಲ್ವೆಹ್ಯೆಮನು ನಿಕೊಟಿನಿಕ್ ಆಮ್ಲವನ್ನು ಗುರುತಿಸಿದ ಮೇಲೆಯೇ ಸಂಶಯವು ಹರಿಯಿತು. ಇನ್ನೂರು ವರ್ಷ ವಿದ್ವಾಂಸರು ಹುಡುಕಿದ ಪರಿಹಾರವು ಅಕ್ಷರವರಿಯದ ಹೆಂಗಸರ ಮಡಕೆಯಲ್ಲಿ ದಿನವೂ ಕುದಿಯುತ್ತಿತ್ತು. ಎಲೆಯಡಕೆಗೆ ಸುಣ್ಣ ಹಚ್ಚುವ ನಾವು ಇದನ್ನು ಕೇಳಿ ಬೆರಗಾಗಬೇಕಾದುದಿಲ್ಲ. ಆದರೂ ಜೋಳದ ವಿಷಯದಲ್ಲಿ ಈ ಯುಕ್ತಿ ನಮಗೂ ಹೊಳೆಯಲಿಲ್ಲ.

ಈ ರೊಟ್ಟಿಯ ಪ್ರಾಚೀನತೆಯ ವಿಷಯದಲ್ಲಿ ಉತ್ಸಾಹಿಗಳ ಮಾತನ್ನು ತೂಗಿ ನೋಡಬೇಕು. ಖೋಯಾ ದೆ ಸೆರೆನ್ ಎಂಬ ಗ್ರಾಮವು ಸುಮಾರು ೧೪೦೦ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತು. ೧೯೭೬ರಲ್ಲಿ ಧಾನ್ಯದ ಕಣಜಗಳಿಗಾಗಿ ನೆಲವನ್ನು ಮಟ್ಟಮಾಡುತ್ತಿದ್ದಾಗ ಅದು ಬಯಲಿಗೆ ಬಂದಿತು. ಪೇಸನ್ ಶೀಟ್ಸ್ ಎಂಬ ವಿದ್ವಾಂಸರು ೧೯೭೮ರಿಂದ ಅಲ್ಲಿ ಶೋಧನೆ ನಡೆಸಿದರು. ೧೯೯೩ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಜನರು ಉಣ್ಣುವುದನ್ನು ಬಿಟ್ಟು ಓಡಿದರು. ಪಾತ್ರೆಗಳೂ ಕಾಳುಗಳೂ ಅರೆಯುವ ಕಲ್ಲುಗಳೂ ಹಾಗೆಯೇ ಉಳಿದವು. ಪುಪುಸಾದ ಸಾಧನಗಳೇ ಇವು ಎಂದು ಹಲವರು ಹೇಳುವರು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅರೆಯುವ ಕಲ್ಲು ಅರೆದುದಕ್ಕೆ ಸಾಕ್ಷಿಯೇ ಹೊರತು ಹೂರಣ ತುಂಬಿದುದಕ್ಕಲ್ಲ. ಅಲ್ಲದೆ, ಪುಪುಸಾ ಎಂಬುದು ಪಿಪಿಲ್ ಜನರ ನಾವಾಟ್ ಭಾಷೆಯ ಶಬ್ದವೆಂದೂ ಉಬ್ಬಿದ್ದು ಎಂಬ ಅರ್ಥದಿಂದ ಬಂದುದೆಂದೂ ಸಾಮಾನ್ಯವಾಗಿ ಒಪ್ಪಿರುವರು. ಆ ಜನರು ಮೆಕ್ಸಿಕೋ ಕಡೆಯಿಂದ ವಲಸೆ ಬಂದುದು ಆ ಗ್ರಾಮವು ಹೂತ ಎಷ್ಟೋ ಕಾಲದ ಮೇಲೆ.

ಇಂಥದೇ ಉತ್ಸಾಹವು ನಮ್ಮ ನಾಡಿನಲ್ಲಿಯೂ ಒಮ್ಮೆ ತೋರಿತು. ಸೋಮನಾಥಪುರದ ಹೊಯ್ಸಳ ದೇಗುಲದ ವಿಗ್ರಹಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೆಂದು ಜೊಹಾನೆಸನ್ ಮತ್ತು ಪಾರ್ಕರ್ ಎಂಬ ಅಮೆರಿಕನ್ನರು ೧೯೮೯ರಲ್ಲಿ ವಾದಿಸಿದರು. ಹಾಗಾದರೆ ಕೊಲಂಬಸನಿಗಿಂತ ಮೊದಲೇ ಆ ಕಾಳು ಕನ್ನಡ ನಾಡಿಗೆ ಬಂದಿರಬೇಕು. ಪಾಯಕ್ ಮತ್ತು ಸಚಾನ್ ಎಂಬ ನಮ್ಮ ಸಸ್ಯವಿಜ್ಞಾನಿಗಳು ೧೯೯೩ರಲ್ಲಿ ಇದನ್ನು ಅಲ್ಲಗಳೆದು, ಅದು ಮುಕ್ತಾಫಲವೆಂಬ ಕಲ್ಪಿತ ಫಲವೆಂದರು. ಶಿಲ್ಪಿಯ ಉಳಿಯಿಂದ ಸಸ್ಯಶಾಸ್ತ್ರವನ್ನು ಓದಹೊರಡುವುದು ಅಪಾಯದ ಕೆಲಸ. ನಾನು ಎರಡನೆಯ ಪಕ್ಷದವನು.

೧೫೨೪ರಲ್ಲಿ ಪೆದ್ರೊ ದೆ ಆಲ್ವರಾದೊ ಎಂಬ ಸ್ಪಾನಿಷ್ ದಳಪತಿಯು ಪಿಪಿಲರ ಮೇಲೆ ದಂಡೆತ್ತಿ ಬಂದನು. ಹಂದಿ, ಹಸು, ಗಿಣ್ಣು, ಕೋಸು, ಗಜ್ಜರಿ ಎಲ್ಲವೂ ಆ ಬಳಿಕ ಬಂದವು. ಗೆದ್ದವರ ಪದಾರ್ಥಗಳು ಒಳಗೂ ಪಕ್ಕಕ್ಕೂ ಸೇರಿಕೊಂಡವು. ರೊಟ್ಟಿಯೂ ಹೆಸರೂ ಸೋತವರವೇ ಆಗಿ ಉಳಿದವು.

ಹೆಸರು ಉಳಿಯಿತು, ಭಾಷೆಗೆ ಆ ಭಾಗ್ಯವಿಲ್ಲದೆ ಹೋಯಿತು. ೧೮೮೧ ಮತ್ತು ೧೮೮೨ರ ಕಾಯಿದೆಗಳು ಗ್ರಾಮಗಳ ಸಾಮುದಾಯಿಕ ಭೂಮಿಯನ್ನು ಕಿತ್ತು ಕಾಫಿಯ ತೋಟಗಳಿಗೆ ದಾರಿಮಾಡಿದವು. ೧೯೨೯ರ ಬಳಿಕ ಕಾಫಿಯ ಬೆಲೆ ಕುಸಿದು ಕೂಲಿಗಳು ಹಸಿವಿಗೆ ಬಿದ್ದರು. ೧೯೩೨ರ ಜನವರಿಯಲ್ಲಿ ಇಸಾಲ್ಕೊ, ನಾವಿಸಾಲ್ಕೊ ಮೊದಲಾದ ಪಶ್ಚಿಮದ ಊರುಗಳಲ್ಲಿ ಅವರು ದಂಗೆಯೆದ್ದಾಗ, ಜನರಲ್ ಮಾರ್ಟಿನೆಸನ ಸರಕಾರವು ಕೆಲವೇ ದಿನಗಳಲ್ಲಿ ಅದನ್ನಡಗಿಸಿ, ಆ ಮೇಲೆ ವಾರಗಟ್ಟಲೆ ಕೊಲೆಯನ್ನು ನಡೆಸಿತು. ಸತ್ತವರು ೧೦,೦೦೦ದಿಂದ ೩೦,೦೦೦ದವರೆಗೆ ಎಂದು ಇತಿಹಾಸಕಾರರು ಎಣಿಸುವರು. ನಾಡ ಉಡುಪೂ ನುಡಿಯೂ ಪ್ರಾಣಕ್ಕೆ ಎರವಾಗುವ ಗುರುತುಗಳಾದವು. ತಾಯಂದಿರು ಮಕ್ಕಳೊಡನೆ ನಾವಾಟ್ ಆಡುವುದನ್ನು ಬಿಟ್ಟರು. ಉಡುಪನ್ನು ಬಿಡಬಹುದು, ಮಾತನ್ನು ನುಂಗಬಹುದು. ರೊಟ್ಟಿಯನ್ನು ತಟ್ಟದೆ ಬದುಕುವುದೆಂತು? ಪುಪುಸಾ ಎಂಬ ಶಬ್ದವನ್ನು ಮಾತ್ರ ಯಾವ ಸೈನಿಕನೂ ಅಪರಾಧವೆಂದು ಭಾವಿಸಲಿಲ್ಲ.

೧೯೮೦ರಿಂದ ೧೯೯೨ರವರೆಗೆ ನಡೆದ ಅಂತರ್ಯುದ್ಧದಲ್ಲಿ ಲಕ್ಷಗಟ್ಟಲೆ ಜನರು ದೇಶ ಬಿಟ್ಟರು. ಲಾಸ್ ಏಂಜಲೀಸ್ ಮೊದಲಾದ ನಗರಗಳಲ್ಲಿ ಈ ರೊಟ್ಟಿಯ ಅಂಗಡಿಗಳು ಎದ್ದುದು ಅವರಿಂದ. ಹೊಂಡುರಾಸ್ ದೇಶದವರೂ ಇದು ತಮ್ಮದೆನ್ನುವರು. ಗಡಿಯ ಎರಡು ಕಡೆಯಲ್ಲಿಯೂ ಕಾವಲಿಗಳಿರುವಾಗ ಆ ವ್ಯಾಜ್ಯಕ್ಕೆ ಕೊನೆಯಿರದು.

ಈಗ ನಾವಾಟ್ ಬಲ್ಲವರು ಬಹಳ ವಿರಳ. ಇರುವವರಲ್ಲಿ ಹೆಚ್ಚಿನವರು ವೃದ್ಧರು. ೨೦೧೦ರಲ್ಲಿ ಸಾಂತೊ ದೊಮಿಂಗೊ ದೆ ಗುಸ್ಮಾನ್ ಎಂಬ ಊರಿನಲ್ಲಿ ಶಿಶುಗಳಿಗಾಗಿ ಒಂದು ಶಾಲೆಯನ್ನು ತೆರೆದರು. ಅಲ್ಲಿ ಉಪಾಧ್ಯಾಯಿನಿಯರು ಊರಿನ ಅಜ್ಜಿಯರೇ. ಮೂರರಿಂದ ಐದು ವರ್ಷದ ಮಕ್ಕಳಿಗೆ ಅವರು ನಾವಾಟಿನಲ್ಲಿಯೇ ಮಾತನಾಡುವರು.