ತರಗು ಬೆಂಕಿಯ ಕಥೆ

2023ರ ಮಾರ್ಚ್‌ನಲ್ಲಿ ನಮ್ಮ ಗೋವಾದ ಮಹದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿದ್ದಾಗ ಹೆಲಿಕಾಪ್ಟರಿನಿಂದ ನೀರು ಸುರಿಯಬೇಕಾಯಿತು. ಕಾಡಿಗೆ ಬೆಂಕಿ ಎಂದರೆ ಅನಾಹುತ ಅಂತಲೇ ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಬೆಂಕಿಯಿಂದಲೇ ಬೆಂಕಿ ತಡೆಯುತ್ತಿದ್ದ ಜನ ನಮ್ಮ ಕರ್ನಾಟಕದಲ್ಲೇ ಇದ್ದಾರೆ ಸ್ನೇಹಿತರೇ!

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜನವರಿ-ಫೆಬ್ರವರಿಯಲ್ಲಿ ಉದುರಿದ ಎಲೆಗೆ ಬೆಂಕಿ ಇಡುತ್ತಿದ್ದರು. ಇದಕ್ಕೆ ತರಗು ಬೆಂಕಿ ಎಂದು ಹೆಸರು. ಆಗ ನೆಲದಲ್ಲಿ ಇನ್ನೂ ಪಸೆ ಇರುತ್ತದೆ, ಹುಲ್ಲು ಪೂರ್ತಿ ಒಣಗಿರುವುದಿಲ್ಲ. ಬೆಂಕಿ ತಗ್ಗಾಗಿ ಅಲ್ಲಲ್ಲಿ ಉರಿದು ತಾನೇ ಆರುತ್ತದೆ. ಏಪ್ರಿಲ್‌ನಲ್ಲಿ ಕಿಡಿ ಬಿದ್ದರೂ ಉರಿಯಲು ಹೆಚ್ಚೇನೂ ಉಳಿದಿರುವುದಿಲ್ಲ. ಲಂಟಾನದ ಸಸಿ ಸಾಯುತ್ತದೆ, ನೆಲ್ಲಿಮರದ ಬಂದಳಿಕೆ ಹತೋಟಿಯಲ್ಲಿರುತ್ತದೆ, ಹೊಸ ಹುಲ್ಲು ಚಿಗುರುತ್ತದೆ. ಇದು ಸೋಲಿಗರ ಲೆಕ್ಕ.

ಸರ್ಕಾರದ ಲೆಕ್ಕವೇ ಬೇರೆ. 1860ರಲ್ಲೇ ಮದ್ರಾಸ್ ಸರ್ಕಾರ, ಅರಣ್ಯಾಧಿಕಾರಿ ಕ್ಲೆಗಾರ್ನ್ ಕಾಲದಲ್ಲಿ, ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿತ್ತು. ಆಗ ಉತ್ತರ ಕನ್ನಡವೂ ಮದ್ರಾಸಿಗೇ ಸೇರಿತ್ತು. (ಗೋವಾದ ಕುಣಬಿ, ವೇಳಿಪರ ಕುಮೇರಿಯೂ ಇದೇ ಬೇಸಾಯ.) 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ಮುಂದೆ ಸಂಶೋಧಕರು ಆ ಕಾಡನ್ನು ಅಳೆದು ನೋಡಿದರು. 1997ರಲ್ಲಿ ನೂರಕ್ಕೆ ಸುಮಾರು 40 ಕಡೆ ಇದ್ದ ಲಂಟಾನ 2008ಕ್ಕೆ 80 ಕಡೆ ಹಬ್ಬಿತ್ತು. ಬೆಂಕಿ ನಿಂತದ್ದೊಂದೇ ಕಾರಣ ಎಂದು ನಾನು ಹೇಳಲಾರೆ. ಸೋಲಿಗರ ಹಿರಿಯರು ಮಾತ್ರ ಹಾಗೇ ಹೇಳುತ್ತಾರೆ. ಒಣ ಲಂಟಾನದ ಪೊದೆ ಹತ್ತಿದರೆ ಬೆಂಕಿ ಮರದ ತುದಿಗೇರುತ್ತದೆ.

ಈಗ ಆಸ್ಟ್ರೇಲಿಯಾ ನೋಡಿ. ಅಲ್ಲಿನ ಆರ್ನ್‌ಹೆಮ್ ಲ್ಯಾಂಡ್‌ನ ಮೂಲನಿವಾಸಿಗಳೂ ಒಣಗಾಲದ ಮೊದಲಲ್ಲೇ ಹುಲ್ಲುಗಾವಲು ಸುಡುವವರು. ಹುಲ್ಲು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡನ್ನು ಮುಂದಿನ ಮಳೆಗಾಲದ ಹುಲ್ಲೇ ಹೀರಿಕೊಳ್ಳುತ್ತದೆ. ಹಾಗಾಗಿ ಲೆಕ್ಕಕ್ಕೆ ಹಿಡಿಯುವುದು ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್. ಮುಂಚಿನ ಸಣ್ಣ ಬೆಂಕಿಯಿಂದ ಸುಡುವ ಜಾಗ ಕಡಿಮೆ, ಈ ಅನಿಲವೂ ಕಡಿಮೆ. ವರ್ಷಕ್ಕೆ 1 ಲಕ್ಷ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟು ಉಳಿಸಿಕೊಡಿ ಎಂದು 2006ರಲ್ಲಿ ಅಲ್ಲಿನ ಗ್ಯಾಸ್ ಕಂಪನಿಯೊಂದು 17 ವರ್ಷದ ಒಪ್ಪಂದ ಮಾಡಿಕೊಂಡು ಹಣ ಕೊಟ್ಟಿತು. ಅಲ್ಲಿ ಅದು ನೌಕರಿ, ಇಲ್ಲಿ ಕೇಸು!

ಹಾಗಂತ ಇದನ್ನು ಓದಿ ಯಾರೂ ಗುಡ್ಡಕ್ಕೆ ಕಡ್ಡಿ ಗೀರಬೇಡಿ. ಬಿಳಿಗಿರಿಯ ಎಲೆಯುದುರುವ ಕಾಡಿನ ಲೆಕ್ಕ ನಮ್ಮ ಘಟ್ಟದ ತೇವದ ಕಾಡಿಗೆ ನಡೆಯದು. 2011ರಲ್ಲಿ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಜೇನು, ನೆಲ್ಲಿಯ ಸಾಮುದಾಯಿಕ ಹಕ್ಕು ಸಿಕ್ಕಿತು. ತರಗು ಬೆಂಕಿಯ ಮೇಲಿನ ನಿಷೇಧ ಮಾತ್ರ ಹಾಗೇ ಮುಂದುವರಿಯಿತು. ತಮಾಷೆಯೆಂದರೆ, ಬೇಸಿಗೆ ಏರುವ ಮುಂಚೆ ಅರಣ್ಯ ಇಲಾಖೆಯೇ ದಾರಿಯುದ್ದಕ್ಕೂ ಹುಲ್ಲು ಸುಟ್ಟು ಬೆಂಕಿ ರೇಖೆ ಮಾಡುತ್ತದೆ.