ಆಸ್ಪತ್ರೆ ಬಿಲ್ಲಿಂಗ್‌ನಲ್ಲಿ ಚಂದಾ ತಂತ್ರಾಂಶ: ವೆಚ್ಚ, ವಸೂಲಿ, ಅವಲಂಬನೆ

ಆಸ್ಪತ್ರೆಯ ಬಿಲ್ಲು ಅಚ್ಚಾಗುವುದು ಕೌಂಟರಿನಲ್ಲಿ, ತಯಾರಾಗುವುದು ವಾರ್ಡಿನಲ್ಲಿ. ನರ್ಸ್ ಬರೆದ ಔಷಧಿ ಇಂಡೆಂಟು, ಲ್ಯಾಬ್ ಪರೀಕ್ಷೆ, ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಸ್ಟೆಂಟು ಇವುಗಳಲ್ಲಿ ಯಾವುದು ಆಯಾ ಹೊತ್ತಿಗೆ ನಮೂದಾಗಲಿಲ್ಲವೋ ಅದರ ಹಣ ಕೈತಪ್ಪುವ ಸಂಭವವೇ ಹೆಚ್ಚು. ಬಿಲ್ಲಿಂಗ್ ತಂತ್ರಾಂಶದ ಮೊದಲ ಕೆಲಸ ಈ ಸೋರಿಕೆಯನ್ನು ತಡೆಯುವುದು.

ಹಿಂದೆ ಇಂಥ ತಂತ್ರಾಂಶದ ಪರವಾನಗಿಯನ್ನು ಒಮ್ಮೆಗೇ ಕೊಂಡು ಆಸ್ಪತ್ರೆಯದೇ ಸರ್ವರಿನಲ್ಲಿ ನಡೆಸುತ್ತಿದ್ದರು. ಚಂದಾ ಪದ್ಧತಿಯಲ್ಲಿ ಹಾಸಿಗೆಗಳ ಅಥವಾ ಬಳಕೆದಾರರ ಲೆಕ್ಕದಲ್ಲಿ ತಿಂಗಳಿಗೋ ವರ್ಷಕ್ಕೋ ಹಣ ಸಂದಾಯವಾಗುತ್ತದೆ. ಸರ್ವರು, ಬ್ಯಾಕಪ್, ತಿದ್ದುಪಡಿಗಳು ಸಾಮಾನ್ಯವಾಗಿ ತಂತ್ರಾಂಶ ಕಂಪನಿಯ ಪಾಲಿಗೆ. ಐಸಿಯು ಹೊರತಾಗಿ ದಿನಕ್ಕೆ 5,000 ರೂಪಾಯಿ ಮೀರಿದ ಕೊಠಡಿ ಬಾಡಿಗೆಗೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಬಂದಂಥ ಸಂದರ್ಭದಲ್ಲಿ ಹೊಸ ನಿಯಮಕ್ಕೆ ತಕ್ಕ ತಿದ್ದುಪಡಿಯನ್ನು ಕಂಪನಿಯೇ ಮಾಡುವ ಈ ಅನುಕೂಲ ಎದ್ದು ಕಾಣುತ್ತದೆ. ಆದರೆ ಜಾಹೀರಾತುಗಳು ಹೇಳದ ಒಂದು ಲೆಕ್ಕವಿದೆ. ಚಂದಾ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಚಿಕಿತ್ಸಾ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಅದಕ್ಕೆ ಸಂಬಂಧಿಸಿದ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಹೊಂದಾಣಿಕೆ) ಸಿಗದು. 100 ರೂಪಾಯಿಯ ಚಂದಾ ಆಸ್ಪತ್ರೆಗೆ ಹೆಚ್ಚುಕಡಿಮೆ 118 ರೂಪಾಯಿಯ ಖರ್ಚು.

ಈ ಖರ್ಚಿಗೆ ತಕ್ಕ ಮೌಲ್ಯ ಹುಟ್ಟುವುದು ಮುಖ್ಯವಾಗಿ ವಿಮೆಯ ವಸೂಲಿಯಲ್ಲಿ. ಪೂರ್ವಾನುಮತಿ ಕೋರುವುದು, ವಿಮಾ ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಟಿಪಿಎ ಎತ್ತಿದ ಪ್ರಶ್ನೆಗೆ ದಾಖಲೆ ಒದಗಿಸುವುದು, ಕಡಿತವಾದ ಮೊತ್ತಕ್ಕೆ ಕಾರಣ ಹುಡುಕುವುದು, ಬ್ಯಾಂಕಿಗೆ ಬಂದ ಹಣವನ್ನು ಆಯಾ ಕ್ಲೇಮಿಗೆ ಹೊಂದಿಸುವುದು ಬೇಸರದ ದುಡಿಮೆ, ಆದರೆ ಆದಾಯ ನಿಂತಿರುವುದು ಅದರ ಮೇಲೆಯೇ. ಕರ್ನಾಟಕದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ಯಾಕೇಜಿನ ದರ ಮೊದಲೇ ನಿಗದಿಯಾಗಿರುತ್ತದೆ; ಖಾಸಗಿ ವಿಮೆಯಲ್ಲಿ ದರ ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ. ಒಂದೇ ಚಿಕಿತ್ಸೆಗೆ ಹಲವು ದರಪಟ್ಟಿ ಇಟ್ಟುಕೊಳ್ಳಲಾಗದ ತಂತ್ರಾಂಶದಿಂದ ಹೆಚ್ಚು ಪ್ರಯೋಜನವಿಲ್ಲ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆಯಲ್ಲಿ ವಿಮಾ ಕಂಪನಿ ಉತ್ತರಿಸಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ವಿಧಿಸಿತು. ಆಸ್ಪತ್ರೆಯ ಅಂತಿಮ ಬಿಲ್ಲೇ ತಡವಾದರೆ ಈ ಗಡುವಿನಿಂದ ರೋಗಿಗೆ ಉಪಯೋಗವಾಗದು.

ಅವಲಂಬನೆಯ ಅಪಾಯವೂ ಸಣ್ಣದಲ್ಲ. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಕ್ಲೇಮುಗಳನ್ನು ಸಂಸ್ಕರಿಸುವ ಚೇಂಜ್ ಹೆಲ್ತ್‌ಕೇರ್ ಕಂಪನಿಯ ಮೇಲೆ ಸೈಬರ್ ದಾಳಿ ನಡೆದಾಗ ದೇಶದುದ್ದಕ್ಕೂ ಆಸ್ಪತ್ರೆಗಳ ಕ್ಲೇಮುಗಳು ವಾರಗಟ್ಟಲೆ ಸ್ಥಗಿತಗೊಂಡವು. ಸ್ವಂತ ಸರ್ವರು ಇದ್ದರೆ ಕ್ಷೇಮ ಎನ್ನುವಂತೆಯೂ ಇಲ್ಲ: 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳು ದಾಳಿಗೆ ತುತ್ತಾಗಿ ನೋಂದಣಿ, ಬಿಲ್ಲಿಂಗ್ ಎರಡನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಅವಲಂಬನೆಗೆ ಇನ್ನೊಂದು ಮುಖವೂ ಇದೆ: ಚಂದಾ ನಿಂತ ಮೇಲೆ ದತ್ತಾಂಶ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಮರಳುತ್ತದೆ ಎಂಬುದು ಒಪ್ಪಂದದಲ್ಲೇ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ದತ್ತಾಂಶದ ಸಂಸ್ಕರಣೆಯನ್ನು ಹೊರಗಿನ ಕಂಪನಿಗೆ ವಹಿಸಿದರೂ ಹೊಣೆ ಆಸ್ಪತ್ರೆಯದೇ.